ಕೆಂಬೇರಿ ಬಂಡೆಗೆ ಎರಡು ಗೆರೆ

ಅಕ್ಟೋಬರ್ 2

ರಾತ್ರಿ ಹತ್ತೂವರೆ. ಇವತ್ತು ಎರಡು ಹೊಲಿಗೆ ಯಂತ್ರ ರಿಪೇರಿಗೆ ಬಂದವು. ಒಂದಕ್ಕೆ ಬೆಲ್ಟು ಹಾಕಿದೆ. ಇನ್ನೊಂದರ ಹೊಟ್ಟೆಯಲ್ಲಿ ಅಂಗಿಯ ಗುಂಡಿ ಸಿಕ್ಕಿಕೊಂಡಿತ್ತು, ತೆಗೆದೆ. ಯಂತ್ರದ ಒಡತಿ ಅದನ್ನು ನೋಡಿ, "ಅಯ್ಯೋ, ಈ ಗುಂಡಿಗೋಸ್ಕರ ಮನೆಯವರ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ" ಎಂದು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ನಿದ್ದೆ: ನಿನ್ನೆ ಎರಡು ಗಂಟೆ.

ನಿದ್ದೆಯ ವಿಷಯ ಬರೆದಿಡಲು ಹೇಳಿದವನು ಔಷಧಿ ಅಂಗಡಿಯವನು. "ಮಾತ್ರೆ ಆಮೇಲೆ. ಮೊದಲು ಒಂದು ತಿಂಗಳು ದಿನಾ ಎಷ್ಟು ಹೊತ್ತು ಮಲಗಿದೆ, ಏನು ಮಾಡಿದೆ ಅಂತ ಬರಿ. ಬರೀತಾ ಕೂತ್ರೆ ನಿದ್ದೆ ತಾನಾಗೇ ಬರುತ್ತೆ. ನಂಗೆ ಶಾಲೇಲಿ ಹಾಗೇ ಆಗ್ತಿತ್ತು" ಎಂದ. ನನಗೆ ಶಾಲೆಯಲ್ಲೂ ಹಾಗೆ ಆಗಿರಲಿಲ್ಲ. ಏಳನೇ ತರಗತಿಗೇ ಮುಗಿಸಿದೆ.

ಅಣ್ಣ ಹೋಗಿ ಮೂರು ತಿಂಗಳಾಯಿತು. ಮೂವತ್ತು ವರ್ಷ ಕತ್ತಲೆಯಲ್ಲಿ ಸಮುದ್ರದ ಮೇಲೆ ಕೂತು ಕೆಂಬೇರಿ ಮೀನು ಹಿಡಿದವನು ಸತ್ತದ್ದು ಹಲ್ಲಿನ ಡಾಕ್ಟರ ಹೊರಕೋಣೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಕೈಯಲ್ಲಿ ಹದಿನಾಲ್ಕನೇ ನಂಬರಿನ ಚೀಟಿ ಇತ್ತು. ಹದಿಮೂರನೆಯವರು ಒಳಗಿದ್ದರು. ಹಲ್ಲು ಕೀಳಿಸಿಕೊಳ್ಳಬಾರದು ಎಂದೇ ಹೀಗೆ ಮಾಡಿದರು ಎಂದು ಅತ್ತಿಗೆ ಬಂದವರಿಗೆಲ್ಲ ಹೇಳಿದರು. ಬಂದವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀಟಿ ನನ್ನ ಬಳಿ ಇದೆ.

ಅವನು ಸಮುದ್ರಕ್ಕೆ ಹೋದ ರಾತ್ರಿಗಳಲ್ಲಿ ನಾನು ಮಹಡಿಯ ನನ್ನ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಕೆಲಸ ಮಾಡುತ್ತಿದ್ದೆ. ಅವನ ಎಂಜಿನ್ನಿನ ಸದ್ದು ಕೇಳಿದ ಮೇಲೆ ದೀಪ ಆರಿಸಿ ಮಲಗುತ್ತಿದ್ದೆ. ಕೆಲಸ ಜಾಸ್ತಿ ಇತ್ತು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಈಗ ಕಾಯಲು ಯಾವ ಸದ್ದೂ ಇಲ್ಲ. ಕೆಲಸವನ್ನು ಹಗಲಲ್ಲೇ ಮುಗಿಸುತ್ತೇನೆ. ಇದನ್ನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಅಕ್ಟೋಬರ್ 5

ರಾತ್ರಿ ಒಂಬತ್ತು. ನಿದ್ದೆ ಎರಡೂವರೆ ಗಂಟೆ.

ಮಧ್ಯಾಹ್ನ ಜೆಟ್ಟಿ ಮೇಸ್ತ್ರಿ ಮನೆಗೆ ಬಂದಿದ್ದರು. ದೋಣಿಗಳು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ನೋಡಿಕೊಳ್ಳುವುದು ಅವರ ಕೆಲಸ. ಟೋಪಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಒಂದು ಲೋಟ ಚಹಾ ಮುಗಿಯುವವರೆಗೆ ಹವಾಮಾನದ ಬಗ್ಗೆ ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು.

ವಿಷಯ ಇಷ್ಟು. ಬಲೆಯಿಲ್ಲದೆ ಕೈದಾರದಲ್ಲಿ ಕೆಂಬೇರಿ ಹಿಡಿಯುವ ದೋಣಿಗಳಿಗೆ ಜೆಟ್ಟಿಯಲ್ಲಿ ಒಂಬತ್ತೇ ಜಾಗ. ಕಾಯುತ್ತಿರುವವರು ಇಪ್ಪತ್ತು ಮಂದಿ. ಆದ್ದರಿಂದ ಅಕ್ಟೋಬರ್ ಮುಗಿಯುವುದರೊಳಗೆ ಪ್ರತಿ ದೋಣಿಯೂ ಒಂದೇ ರಾತ್ರಿಯಲ್ಲಿ ಹಿಡಿದ ಒಂದು ಬುಟ್ಟಿ ಕೆಂಬೇರಿಯನ್ನು ಜೆಟ್ಟಿಯ ಮೇಲೆ ಇಳಿಸಿ ತೋರಿಸಬೇಕು. ಇಲ್ಲದಿದ್ದರೆ ಜಾಗ ಬಿಡಬೇಕು. ಅಣ್ಣನ ದೋಣಿ ಮೂರು ತಿಂಗಳಿಂದ ಕಟ್ಟಿದಲ್ಲೇ ಇದೆ.

"ಕಾಯಿದೆ ನಾನು ಮಾಡಿದ್ದಲ್ಲ" ಎಂದರು ಮೇಸ್ತ್ರಿ. "ಆದ್ರೆ ಬೋರ್ಡಿಗೆ ಬಣ್ಣ ಹೊಡೆದು ಬರೆದೋನು ನಾನೇ. ಈಗ ನಾನೇ ಓದಿಲ್ಲ ಅನ್ನೋಕಾಗಲ್ಲ."

ಬಂದರಿನ ರಸ್ತೆಯ ಹೋಟೆಲಿನವನು ದೋಣಿಯನ್ನು ಕೇಳಿದ್ದಾನಂತೆ. ಬಾಗಿಲ ಮುಂದೆ ಇಟ್ಟು, ಮಣ್ಣು ತುಂಬಿ, ಹೂವಿನ ಗಿಡ ನೆಡುತ್ತಾನಂತೆ.

ಕೊಟ್ಟುಬಿಡೋಣ ಎಂದೆ. ಜೆಟ್ಟಿಯ ಕಡೆಯಿಂದ ಬರುವಾಗ ನಾನು ಆ ದೋಣಿ ಕಾಣದ ಹಾಗೆ ಐಸ್ ಫ್ಯಾಕ್ಟರಿಯ ಹಿಂದಿನಿಂದ ಸುತ್ತಿ ಬರುತ್ತೇನೆ. ಅದಿಲ್ಲದಿದ್ದರೆ ನೇರವಾಗಿ ಬರಬಹುದು.

ಅತ್ತಿಗೆ ಹಲ್ಲಿನಿಂದ ದಾರ ಕಡಿದರು. ಅವರು ದರ್ಜಿ. ಕೆಳಗಿನ ಕೋಣೆಯಲ್ಲಿ ಅವರ ಯಂತ್ರ ಇದೆ.

"ಅವರ ಅಂಗಿ ಕೊಟ್ಟೆ. ಚಪ್ಪಲಿ ಕೊಟ್ಟೆ. ಕನ್ನಡಕಾನೂ ಕೊಟ್ಟೆ. ದೋಣಿಗೆ ಮಣ್ಣು ಹಾಕೋಕೆ ಬಿಡಲ್ಲ."

"ಮೀನು ಹಿಡಿಯೋರು ಯಾರು ಅತ್ತಿಗೆ?"

"ನಾವು."

"ನಾವು ಅಂದ್ರೆ?"

"ಈ ಕೋಣೇಲಿ ನಿಂಗೆ ಇನ್ನೆಷ್ಟು ಜನ ಕಾಣ್ತಾರೆ?"

ಮೇಸ್ತ್ರಿ ಗಡಬಡಿಸಿ ಟೋಪಿ ಹಾಕಿಕೊಂಡು ಎದ್ದರು. "ನನ್ನನ್ನ ಎಣಿಸಬೇಡಿ. ನಾನು ಕೆಲಸದ ಮೇಲೆ ಬಂದೋನು."

ಅಕ್ಟೋಬರ್ 6

ನಿದ್ದೆ ಒಂದು ಗಂಟೆ. ಬರೆಯುವಂಥದ್ದು ಏನೂ ಇಲ್ಲ.

ಅಕ್ಟೋಬರ್ 9

ರಾತ್ರಿ ಹತ್ತು. ನಿದ್ದೆ ಎರಡು ಗಂಟೆ.

ಸೈರನ್ ಬಂದಿದ್ದ. ಅಣ್ಣನ ಜೊತೆ ಇಪ್ಪತ್ತೆರಡು ವರ್ಷ ದೋಣಿಯಲ್ಲಿ ಕೂತವನು. ಅವನ ಗೊರಕೆಯಿಂದ ಈ ಹೆಸರು ಬಂತು. ಒಮ್ಮೆ ಮಂಜಿನಲ್ಲಿ ಬೇರೆ ದೋಣಿಯವರು ಅದನ್ನು ಹಡಗಿನ ಕೂಗು ಎಂದು ತಿಳಿದು ದಾರಿ ಬಿಟ್ಟರಂತೆ. ಅತ್ತಿಗೆಗಿಂತ ಹತ್ತು ವರ್ಷ ದೊಡ್ಡವನಾದರೂ ಅವರನ್ನು ಅಕ್ಕ ಎನ್ನುತ್ತಾನೆ.

ಅಣ್ಣ ಕೆಂಬೇರಿ ಹಿಡಿಯುತ್ತಿದ್ದದ್ದು ನೀರಿನೊಳಗಿನ ಒಂದು ಬಂಡೆಯ ಮೇಲೆ. ಅದು ಒಂದು ಮನೆಯ ಅಂಗಳದಷ್ಟೇ ಅಗಲ. ಹತ್ತು ಮಾರು ಆಚೀಚೆ ಲಂಗರು ಬಿದ್ದರೆ ಕೆಳಗೆ ಬರೀ ಮರಳು, ಕೆಂಬೇರಿ ಇಲ್ಲ. ಜಾಗ ಕಂಡುಹಿಡಿಯಲು ದಡದ ದೀಪಗಳನ್ನು ನೋಡಬೇಕು. ಎರಡು ದೀಪ ಒಂದರ ಮೇಲೊಂದು ಬಂದು ನಿಂತರೆ ಅದು ಒಂದು ಗೆರೆ. ಬೇರೆ ದಿಕ್ಕಿನಲ್ಲಿ ಇನ್ನೆರಡು ದೀಪ ಹಾಗೇ ನಿಂತರೆ ಇನ್ನೊಂದು ಗೆರೆ. ಎರಡು ಗೆರೆ ಸೇರುವಲ್ಲಿ ಬಂಡೆ.

ಮೊದಲ ಗೆರೆ ಸೈರನ್‌ಗೆ ಗೊತ್ತು: ಐಸ್ ಫ್ಯಾಕ್ಟರಿಯ ಹಸಿರು ದೀಪ, ಅದರ ಮೇಲೆ ನೀರಿನ ಟ್ಯಾಂಕಿನ ದೀಪ. ಎರಡನೆಯದು ಗೊತ್ತಿಲ್ಲ.

"ಅದು ಅವನ ಗೆರೆ" ಎಂದ. "ನಂಗೆ ದೂರದ್ದು ಕಾಣಲ್ಲ, ಕಣ್ಣಿಗೆ ಪೊರೆ. ಅವನು ಮುಂದೆ ನಿಂತು ಊರಿನ ಗುಡ್ಡ ನೋಡ್ತಿದ್ದ. ಹಳದಿಯದು ಟವರಿನ ಕೆಳಗೆ ಬಂತು, ಬಿಡು ಅಂತಿದ್ದ. ನಾನು ಲಂಗರು ಬಿಡ್ತಿದ್ದೆ."

"ಯಾವ ಹಳದಿ?"

"ಹಳದಿ ಅಂದ್ರೆ ಹಳದಿ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ."

ಟವರ್ ಎಂದರೆ ಗುಡ್ಡದ ಮೇಲಿನ ಟೆಲಿಫೋನ್ ಟವರ್, ತುದಿಯಲ್ಲಿ ಕೆಂಪು ದೀಪ ಇದೆ. ಅದರಲ್ಲಿ ಸಂಶಯವಿಲ್ಲ. ಅಣ್ಣ ದೋಣಿಗೆ ಫೋನನ್ನು ಒಯ್ಯುತ್ತಿರಲಿಲ್ಲ. ಜಾಗವನ್ನು ಫೋನಿಗೆ ತಿಳಿಸಿದರೆ ಜೆಟ್ಟಿಯಲ್ಲಿ ಡಂಗುರ ಹೊಡೆದ ಹಾಗೆ ಎನ್ನುತ್ತಿದ್ದ.

"ನಿನ್ನ ಕಣ್ಣು ಬೇಕು" ಎಂದ ಸೈರನ್ ನನಗೆ. "ದಿನಾ ಸೂಜಿ ಕಣ್ಣು ನೋಡೋ ಕಣ್ಣು."

ನಾನು ಬರುವುದಿಲ್ಲ ಎಂದೆ. ನಾನು ದೋಣಿ ಹತ್ತಿ ಮೂವತ್ತು ವರ್ಷವಾಯಿತು. ಆಗಲೂ ವಾಂತಿ ಮಾಡಿಕೊಂಡಿದ್ದೆ.

ಅತ್ತಿಗೆ ಸೈರನ್ ತಂದಿದ್ದ ಗಾಳಗಳನ್ನು ನೈಲಾನ್ ದಾರಕ್ಕೆ ಕಟ್ಟುತ್ತಾ ಕೂತಿದ್ದರು. ಗುಂಡಿ ಹೊಲಿಯುವಾಗ ಹಾಕುವ ಗಂಟನ್ನೇ ಹಾಕಿದರು. ಸೈರನ್ ಒಂದನ್ನು ಎಳೆದು ನೋಡಿದ, ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಳೆದ. ಚಿಲಕ ಕಿತ್ತು ಕೈಗೆ ಬಂತು.

"ಅಕ್ಕ, ನೀವು ಇಷ್ಟು ವರ್ಷ ಎಲ್ಲಿದ್ರಿ?"

"ಇಲ್ಲೇ. ನಿಮ್ಮ ಪ್ಯಾಂಟಿಗೆ ತೇಪೆ ಹಾಕ್ತಾ."

ಚಿಲಕವನ್ನು ನಾನೇ ರಿಪೇರಿ ಮಾಡಿದೆ.

ಅಕ್ಟೋಬರ್ 11

ಬೆಳಿಗ್ಗೆ ಆರೂವರೆ. ಈಗ ತಾನೇ ದೋಣಿಯಿಂದ ಇಳಿದು ಬಂದೆವು. ಹೌದು, ಹೋಗಿದ್ದೆ. ಅತ್ತಿಗೆ ಅಣ್ಣನ ಎಣ್ಣೆಬಟ್ಟೆಯ ಕೋಟು ತೊಟ್ಟು, ತೋಳುಗಳನ್ನು ಮೂರು ಸಲ ಮಡಚಿ, ಬುತ್ತಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಸೈರನ್ ಜೊತೆ ಹೋಗಿ ಬರುವಷ್ಟು ಹೊತ್ತು ನಾನು ಅಡುಗೆಮನೆಯಲ್ಲಿ ಕೂತು ಏನು ಮಾಡಲಿ?

ಅರ್ಧ ಗಂಟೆಯ ದಾರಿ. ಚಂದ್ರ ಇರಲಿಲ್ಲ. ನನಗೆ ಎರಡು ಸಲ ವಾಂತಿಯಾಯಿತು. ಸೈರನ್ ಸಮಾಧಾನ ಮಾಡಿದ: "ಒಳ್ಳೇದು, ಮೀನಿಗೆ ಮುಂಗಡ ಊಟ."

ಮೊದಲ ಗೆರೆ ಸುಲಭವಾಗಿ ಸಿಕ್ಕಿತು. ಹಸಿರು ದೀಪದ ಮೇಲೆ ಟ್ಯಾಂಕಿನ ದೀಪ ಬಂದು ನಿಂತಿತು. ಅದೇ ಗೆರೆಯ ಮೇಲೆ ನಿಧಾನವಾಗಿ ಹೋಗುತ್ತಾ ನಾನು ಗುಡ್ಡ ನೋಡಿದೆ. ಬೀದಿ ದೀಪಗಳೆಲ್ಲ ಈಗ ಬಿಳಿ. ಹಳದಿ ಎಂದು ಕಂಡದ್ದು ಬೇಕರಿಯ ಬೋರ್ಡು ಮಾತ್ರ. ಅದು ಟವರಿನ ಕೆಳಗೆ ಬಂದಾಗ "ಬಿಡು" ಎಂದೆ. ಅದು ಅಣ್ಣನ ಮಾತು. ಸೈರನ್ ಲಂಗರು ಬಿಟ್ಟ.

ದಾರದ ತುದಿಗೆ ಸೀಸದ ಗುಂಡು, ಗಾಳಕ್ಕೆ ಬೊಂಡಾಸ್ ಮೀನಿನ ತುಂಡು. ಗುಂಡು ತಳ ಮುಟ್ಟಿದ ಮೇಲೆ ಒಂದು ಮಾರು ಮೇಲೆತ್ತಿ ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಕೂರಬೇಕು. ಬಂಡೆಯ ಮೇಲೆ ಗುಂಡು ಬಿದ್ದರೆ ಟಕ್ ಎಂದು ಬೆರಳಿಗೆ ಗೊತ್ತಾಗುತ್ತದಂತೆ. ನಮ್ಮದು ಮೆತ್ತಗೆ ಕೂತಿತು. ಮರಳು.

ಆದರೂ ಬೆಳಗಿನವರೆಗೆ ಕೂತೆವು. ಸಿಕ್ಕಿದ್ದು ನಾಲ್ಕು ಮುಳ್ಳುಮೀಸೆಯ ಮೀನು. ಅದರಲ್ಲಿ ಒಂದು ನನ್ನ ಹೆಬ್ಬೆರಳಿಗೆ ಚುಚ್ಚಿತು. ಅತ್ತಿಗೆ ಮೂರು ಸಲ ದೊಡ್ಡ ಮೀನು ಬಿತ್ತೆಂದು ಎದ್ದುನಿಂತು ಎಳೆದರು. ಮೂರು ಸಲವೂ ಅದು ಸೈರನ್‌ನ ದಾರ. ಮೂರನೇ ಸಲ ಅವನೇ, "ಅಕ್ಕ, ಎಳೀಬೇಡಿ, ನಾನೇ ಬರ್ತೀನಿ" ಎಂದು ಎದ್ದು ಅವರ ಪಕ್ಕ ಹೋಗಿ ಕೂತ.

ಅಕ್ಟೋಬರ್ 12

ನಿದ್ದೆ ಆರು ಗಂಟೆ. ಹೆಬ್ಬೆರಳಿಗೆ ಹಚ್ಚಿದ ಮುಲಾಮಿನಿಂದ ಇರಬೇಕು.

ಅಕ್ಟೋಬರ್ 16

ಬೆಳಿಗ್ಗೆ ಏಳು. ಎರಡನೇ ಸಲವೂ ಬಂಡೆ ಸಿಗಲಿಲ್ಲ. ಈ ಸಲ ಪೆಟ್ರೋಲ್ ಬಂಕಿನ ಹಳದಿಯನ್ನು ನಂಬಿದೆವು. ಅಲ್ಲಿ ಮರಳೂ ಇಲ್ಲ, ಕೆಸರು.

ಕೈದಾರದವರಲ್ಲಿ ಒಂದು ಪದ್ಧತಿ ಇದೆ. ಕತ್ತಲೆಯಲ್ಲಿ ನೀರಿನ ಮೇಲೆ ಮಾತು ಬಹಳ ದೂರ ಹೋಗುತ್ತದೆ. ಮೀನು ಬೀಳುತ್ತಿದೆ ಎಂದು ಗೊತ್ತಾದರೆ ಬೇರೆ ದೋಣಿಗಳು ಬಂದು ಮುತ್ತಿಕೊಳ್ಳುತ್ತವೆ. ಆದ್ದರಿಂದ ಮೀನು ಬಿದ್ದವನು ಕೂಗುವುದಿಲ್ಲ, ಒಂದು ಸಲ ಕೆಮ್ಮುತ್ತಾನೆ. ಪಕ್ಕದವನು ದೀಪ ಆರಿಸುತ್ತಾನೆ. ಹಾಡುವ, ಹರಟುವ ದೋಣಿಯಲ್ಲಿ ಏನೂ ಇಲ್ಲ ಎಂದು ಎಲ್ಲರಿಗೂ ಗೊತ್ತು. ಅತ್ತಿಗೆ ರಾತ್ರಿಯಿಡೀ ಮಾತಾಡಿದರು. ಒಂದು ಗಂಟೆಯ ಹೊತ್ತಿಗೆ ಕತ್ತಲೆಯಿಂದ ಯಾರೋ ಕೂಗಿ ಕೇಳಿದರು:

"ಏನಕ್ಕಾ, ಬುಟ್ಟಿ ತುಂಬಿತಾ?"

"ತುಂಬಿದೆ! ಖಾಲಿ ತುಂಬಿದೆ!"

ಸುತ್ತ ಐದಾರು ದೋಣಿಗಳಲ್ಲಿ ನಗು. ಅಷ್ಟು ದೋಣಿ ಇವೆ ಎಂದು ನಮಗೆ ಆಗಲೇ ಗೊತ್ತಾದದ್ದು.

ಆಮೇಲೆ ಅತ್ತಿಗೆಯ ಗಾಳಕ್ಕೆ ಒಂದು ಉಬ್ಬುಮೀನು ಬಿತ್ತು. ದೋಣಿಗೆ ಬಂದಕೂಡಲೇ ಗಾಳಿ ಕುಡಿದು ಚೆಂಡಿನ ಹಾಗೆ ಊದಿಕೊಂಡು ಅವರನ್ನೇ ದಿಟ್ಟಿಸಿತು. "ನೋಡೋ, ಥೇಟ್ ಮೇಸ್ತ್ರಿ!" ಎಂದರು. ಅದರ ತಲೆಯ ಮೇಲೆ ಡಬ್ಬಿಯ ಮುಚ್ಚಳವನ್ನು ಟೋಪಿಯ ಹಾಗೆ ಇಟ್ಟು, "ಕಾಯಿದೆ ನಾನು ಮಾಡಿದ್ದಲ್ಲ" ಎಂದು ಅದರ ಪರವಾಗಿ ಅವರೇ ಮಾತಾಡಿದರು. ಸೈರನ್ ದೋಣಿಯ ತಳದಲ್ಲಿ ಬಿದ್ದು ನಕ್ಕ. ಯಾರೋ ಬಹಳ ಜೋರಾಗಿ ನಗುತ್ತಿದ್ದಾರಲ್ಲ ಎಂದುಕೊಂಡೆ, ನಾನೇ. ಹೊಟ್ಟೆ ಈಗಲೂ ನೋಯುತ್ತಿದೆ. ವಾಂತಿ ಆಗಲಿಲ್ಲ ಎಂಬುದು ಈಗ ನೆನಪಾಯಿತು.

ಮೀನನ್ನು ನೀರಿಗೆ ಬಿಟ್ಟೆವು. ಬುಟ್ಟಿ ಖಾಲಿ. ಇನ್ನು ಹದಿನೈದು ದಿನ.

ಅಕ್ಟೋಬರ್ 19

ರಾತ್ರಿ ಹನ್ನೊಂದು. ನಿದ್ದೆ ಐದು ಗಂಟೆ.

ಸಂಜೆ ಒಬ್ಬರು ಅವಸರದಲ್ಲಿ ಯಂತ್ರ ತಂದರು, ನಾಳೆ ಬೆಳಿಗ್ಗೆಯೇ ಬೇಕಂತೆ. ಕತ್ತಲಾಗಿತ್ತು. ಮೂರು ತಿಂಗಳ ನಂತರ ಮೇಜಿನ ದೀಪ ಹಾಕಿದೆ. ಬಲ್ಬಿನ ಮೇಲೆ ಧೂಳು ಕೂತಿತ್ತು, ಬಿಸಿಗೆ ಸುಟ್ಟ ವಾಸನೆ ಬಂತು. ನನ್ನದು ಹಳೆಯ ಕಾಲದ ಹಳದಿ ಬಲ್ಬು. ಬಿಳಿ ಬೆಳಕಿನಲ್ಲಿ ಉಕ್ಕು ಕಣ್ಣಿಗೆ ಹೊಡೆಯುತ್ತದೆ. ಈಗ ಈ ಬಲ್ಬು ಎಲ್ಲ ಕಡೆ ಸಿಗುವುದಿಲ್ಲ. ಅಣ್ಣನೇ ಎಲ್ಲಿಂದಲೋ ಹುಡುಕಿ ವರ್ಷಕ್ಕೆ ಒಂದು ಪೆಟ್ಟಿಗೆ ತಂದು ಮೇಜಿನ ಮೇಲೆ ಕುಕ್ಕುತ್ತಿದ್ದ. ಒಮ್ಮೆ ನಾನು ಟ್ಯೂಬ್‌ಲೈಟ್ ಹಾಕಿಸುತ್ತೇನೆ ಎಂದಾಗ, "ಹಾಕಿಸಿ ನೋಡು, ಒಡೆದುಹಾಕ್ತೀನಿ" ಎಂದು ಗದರಿದ್ದ. ನನ್ನ ಕಣ್ಣಿನ ಮೇಲೆ ಅವನಿಗೆ ಅಷ್ಟು ಕಾಳಜಿ. ಬಾಯಿ ಬಿಟ್ಟು ಹೇಳುವವನಲ್ಲ. ನನ್ನ ಕೋಣೆಗೆ ಬರುತ್ತಿದ್ದದ್ದೂ ಆ ಪೆಟ್ಟಿಗೆ ಇಡಲು ಮಾತ್ರ. ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆಯಬಹುದು. ಅವನಿಗೆ ನಾನು ಮಹಡಿಯ ಮೇಲೆ ಇದ್ದೇನೆ ಎಂಬುದು ನೆನಪಿರುತ್ತಿತ್ತೋ ಇಲ್ಲವೋ ಎಂದು ಎಷ್ಟೋ ಸಲ ಅನ್ನಿಸಿದೆ.

ಅತ್ತಿಗೆ ಚಹಾ ತೆಗೆದುಕೊಂಡು ಮೇಲೆ ಬಂದರು. ಕಿಟಕಿಯಲ್ಲಿ ನಿಂತು ಸಮುದ್ರ ನೋಡಿದರು.

"ಇಲ್ಲಿಂದ ಎಲ್ಲಾ ಕಾಣುತ್ತೆ" ಎಂದರು.

"ಹಗಲಲ್ಲಿ ಜೆಟ್ಟೀನೂ ಕಾಣುತ್ತೆ."

"ನಂಗೆ ಗೊತ್ತು, ಚಿಕ್ಕ." ಅಣ್ಣ ನನ್ನನ್ನು ಚಿಕ್ಕ ಎನ್ನುತ್ತಿದ್ದ, ನನಗೆ ಐವತ್ತೆರಡಾದ ಮೇಲೂ. ಅತ್ತಿಗೆಯೂ ಹಾಗೇ ಕರೆಯುತ್ತಾರೆ. "ನೀನು ಕೆಲಸ ಮಾಡ್ತಿರಲಿಲ್ಲ. ಅವರು ಬರೋದನ್ನ ಕಾಯ್ತಿದ್ದೆ. ಕೆಳಗೆ ನಾನೂ ಎದ್ದಿರ್ತಿದ್ದೆ. ಅಂಗಳದ ಗೋಡೆ ಮೇಲೆ ನಿನ್ನ ದೀಪದ ಬೆಳಕು ಬಿದ್ದಿರ್ತಿತ್ತು. ಅದು ಆರಿತು ಅಂದ್ರೆ ಎಂಜಿನ್ ಕೇಳಿಸ್ತು ಅಂತ ಅರ್ಥ. ಅಲ್ಲಿಂದ ನಾನು ಮಲಗ್ತಿದ್ದೆ."

ಚಹಾ ಚೆನ್ನಾಗಿದೆ ಎಂದೆ.

"ಸಕ್ಕರೆ ಹಾಕೋದು ಮರೆತಿದೀನಿ" ಎಂದರು.

ಅಕ್ಟೋಬರ್ 23

ಗಾಳಿ. ಯಾವ ದೋಣಿಯೂ ಹೋಗಿಲ್ಲ. ಮೇಸ್ತ್ರಿ ಬಂದು ದೋಣಿಯ ಹಗ್ಗ ಇನ್ನೊಂದು ಸುತ್ತು ಬಿಗಿಮಾಡಿ ಹೋದರಂತೆ. ಹೋಟೆಲಿನವನು ಗೇಣು ಹಾಕಿ ದೋಣಿಯ ಉದ್ದ ಅಳೆದನಂತೆ. ಇದನ್ನು ಕೇಳಿ ಸಿಟ್ಟು ಬಂತು. ಇವತ್ತು ಜೆಟ್ಟಿಯ ಮೇಲಿನಿಂದಲೇ ಬಂದೆ, ದೋಣಿಯೊಳಗಿನ ನೀರು ಎತ್ತಿಹಾಕಬೇಕಿತ್ತು.

ಅಕ್ಟೋಬರ್ 26

ಮಧ್ಯಾಹ್ನ ಮೂರು. ಗಾಳಿ ನಿಂತಿದೆ. ಇವತ್ತು ರಾತ್ರಿ ಹೋಗಬೇಕು. ಆಮೇಲೆ ಮತ್ತೆ ಗಾಳಿ ಏಳುತ್ತದೆ, ತಿಂಗಳು ಮುಗಿಯುವವರೆಗೆ ಬಿಡುವುದಿಲ್ಲ ಎಂದು ರೇಡಿಯೊದಲ್ಲಿ ಹೇಳಿದರು. ಹೀಗಾಗಿ ಇದೇ ಕೊನೆಯ ಸಲ.

ಅತ್ತಿಗೆ ಬರುವಂತಿಲ್ಲ. ಶಾಲೆಯ ವಾದ್ಯದವರಿಗೆ ಇಪ್ಪತ್ತು ಕಪ್ಪು ಕೋಟು ನಾಳೆ ಬೆಳಿಗ್ಗೆ ಕೊಡಬೇಕು. ಇನ್ನೂ ಆರು ಬಾಕಿ. ಬಹಳ ಬೇಸರ ಅವರಿಗೆ. "ನಾನಿಲ್ಲ ಅಂದ್ರೆ ಇವರಿಬ್ಬರು ಮಾತಾಡದೆ ಸತ್ತುಹೋಗ್ತಾರೆ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು.

ಈ ಸಲ ಯಾವ ಹಳದಿ? ಸೈರನ್ ಆಸ್ಪತ್ರೆಯ ಗೇಟು ಎನ್ನುತ್ತಾನೆ. ಅದೂ ಬಿಳಿ ಎಂದು ನನ್ನ ನೆನಪು. ಹೋಗಿ ನೋಡುವುದು.

ಅಕ್ಟೋಬರ್ 27

ಬೆಳಿಗ್ಗೆ ಹತ್ತು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದೇನೆ, ಅಕ್ಷರ ಸರಿಯಾಗಿಲ್ಲ. ಎಲ್ಲವನ್ನೂ ಬರೆದೇ ಮಲಗುತ್ತೇನೆ.

ಎಂಟೂವರೆಗೆ ಹೊರಟೆವು. ಅತ್ತಿಗೆ ಇಲ್ಲದ ದೋಣಿ ನಿಜಕ್ಕೂ ಬಿಕೋ ಎನ್ನುತ್ತಿತ್ತು. ಹಸಿರು ದೀಪದ ಮೇಲೆ ಟ್ಯಾಂಕಿನ ದೀಪ ತಂದು ನಿಲ್ಲಿಸಿಕೊಂಡು ಆ ಗೆರೆಯ ಮೇಲೆ ಹೊರಗೆ ಹೋದೆವು. ಸೈರನ್ ಎಂಜಿನ್ನಿನ ಹತ್ತಿರ, ನಾನು ಅಣ್ಣ ನಿಲ್ಲುತ್ತಿದ್ದ ಮುಂದಿನ ಹಲಗೆಯ ಮೇಲೆ. ಬೇಕರಿಯ ಹಳದಿ ದಾಟಿತು. ಪೆಟ್ರೋಲ್ ಬಂಕ್ ಇನ್ನೂ ಬರಬೇಕು. ಆಸ್ಪತ್ರೆಯ ಗೇಟು ಬಿಳಿಯೇ.

ಆಗ ಗುಡ್ಡದ ನಡುವಿನಲ್ಲಿ ಒಂದು ಹಳದಿ ಚುಕ್ಕೆ ಕಂಡಿತು. ಹಿಂದಿನ ಎರಡು ಸಲ ಅದು ಇರಲಿಲ್ಲ, ಖಂಡಿತ ಇರಲಿಲ್ಲ. ಬಿಳಿ ದೀಪಗಳ ನಡುವೆ ಒಂದೇ ಒಂದು. ದೋಣಿ ಸರಿಯುತ್ತಿದ್ದ ಹಾಗೆ ಅದು ಟವರಿನ ಕಡೆ ಸರಿಯಿತು. ಯಾರ ಮನೆ ಎಂದು ಲೆಕ್ಕ ಹಾಕಿದೆ. ಬೇಕರಿಯಿಂದ ಮೇಲೆ ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ಔಷಧಿ ಅಂಗಡಿಯವನ ಮನೆ, ಅದರ ಎಡಕ್ಕೆ ನಮ್ಮ ಮನೆ. ಮಹಡಿ. ಕಿಟಕಿ.

ನನ್ನ ಮೇಜಿನ ದೀಪ.

ಅತ್ತಿಗೆ ಹಾಕಿದ್ದರು. ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರ ಕೆಳಗಿನ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲವೆಂದು ಕೋಟುಗಳನ್ನು ಹೊತ್ತುಕೊಂಡು ನನ್ನ ಮೇಜಿಗೆ ಹೋಗಿ ಕೂತಿದ್ದರು. ಇದು ಬೆಳಿಗ್ಗೆ ತಿಳಿದದ್ದು. ದೀಪ ಯಾರು ಹಾಕಿದರೆಂದು ಆಗ ನನಗೆ ಹೊಳೆಯಲಿಲ್ಲ. ಹಳದಿ ಚುಕ್ಕೆ ಬಂದು ಕೆಂಪು ದೀಪದ ನೇರ ಕೆಳಗೆ ನಿಂತಿತು.

"ಏನೋ? ಯಾಕೆ ಸುಮ್ಮನಾದೆ?" ಎಂದ ಸೈರನ್.

"ಬಿಡು" ಎಂದೆ.

ಲಂಗರು ಹೋಯಿತು. ನನ್ನ ಸೀಸದ ಗುಂಡು ಇಳಿಯುತ್ತಾ ಇಳಿಯುತ್ತಾ ಟಕ್ ಎಂದಿತು. ಕಲ್ಲು.

ಮೂವತ್ತು ವರ್ಷ ನಾನು ಅವನನ್ನು ಕಾಯುತ್ತಾ ಕಿಟಕಿಯಲ್ಲಿ ಕೂತಿದ್ದೆ. ನನಗೆ ಸಮುದ್ರದಲ್ಲಿ ಬರೀ ಕತ್ತಲೆ ಕಾಣುತ್ತಿತ್ತು. ಅವನು ಕತ್ತಲೆಯಲ್ಲಿ ನಿಂತು, ದೋಣಿ ನಿಲ್ಲಿಸುವ ಮುಂಚೆ ಪ್ರತಿ ರಾತ್ರಿ, ನನ್ನನ್ನು ಹುಡುಕುತ್ತಿದ್ದ.

ಇದರ ಬಗ್ಗೆ ಯೋಚಿಸಲು ಹೆಚ್ಚು ಹೊತ್ತು ಸಿಗಲಿಲ್ಲ. ಬೆರಳಿನ ಮೇಲೆ ಬಾಗಿಲು ತಟ್ಟಿದ ಹಾಗೆ ಎರಡು ಸಲ ತಟ್ಟಿತು. ಮೂರನೆಯದು ತಟ್ಟುವುದಲ್ಲ, ಕೆಳಕ್ಕೆ ಜಗ್ಗುವುದು. ಕೆಂಬೇರಿ ಬಂಡೆಯ ಸಂದಿಗೆ ಓಡುತ್ತದೆ, ಓಡಿದರೆ ದಾರ ಕಲ್ಲಿಗೆ ತಾಗಿ ಕಡಿಯುತ್ತದೆ. ಮೊದಲ ಎರಡು ಮಾರಿನಲ್ಲೇ ತಡೆಯಬೇಕು ಎಂದು ಸೈರನ್ ಹೇಳಿಕೊಟ್ಟಿದ್ದ. ತಡೆದೆ. ಕೈ ಕುಯ್ದುಹೋಯಿತು. ಮೇಲೆ ಬಂದಾಗ ಟಾರ್ಚಿನ ಬೆಳಕಿನಲ್ಲಿ ಮೊದಲು ಅದರ ಕಣ್ಣು ಹೊಳೆಯಿತು, ಆಮೇಲೆ ಮೈ. ಅಷ್ಟು ಕೆಂಪು ಮೀನನ್ನು ನಾನು ನೋಡಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಅದರ ಬಣ್ಣ ಅರ್ಧ ಇಳಿದಿರುತ್ತದೆ. ಅಣ್ಣ ನೋಡುತ್ತಿದ್ದ ಬಣ್ಣ ಇದು.

ನಾನು ಕೆಮ್ಮಿದೆ. ಸೈರನ್ ಟಾರ್ಚ್ ಆರಿಸಿದ.

ಐದು ನಿಮಿಷಕ್ಕೆ ಅವನು ಕೆಮ್ಮಿದ. ಆಮೇಲೆ ನಾನು. ಆಮೇಲೆ ಅವನು. ಮಧ್ಯರಾತ್ರಿಯ ಹೊತ್ತಿಗೆ ಕ್ಷಯರೋಗಿಗಳ ಹಾಗೆ ಕೆಮ್ಮುತ್ತಿದ್ದೆವು. ದೂರದ ದೋಣಿಯಿಂದ ಯಾರೋ ಕೇಳಿದರು: "ಏನಾಯ್ತು? ಅಕ್ಕ ಇಲ್ವಾ ಇವತ್ತು?"

"ಇಲ್ಲ" ಎಂದು ಕೂಗಿದ ಸೈರನ್. "ಇಬ್ಬರಿಗೂ ನೆಗಡಿ!"

ಬುಟ್ಟಿ ತುಂಬುವಾಗ ನಾಲ್ಕು ಗಂಟೆ. ಗುಡ್ಡದ ಮೇಲೆ ದೀಪ ಇನ್ನೂ ಉರಿಯುತ್ತಿತ್ತು. ಎಂಜಿನ್ ಹಾಕಿಕೊಂಡು ಬಂದೆವು. ಜೆಟ್ಟಿ ಹತ್ತಿರವಾದಾಗ ದೀಪ ಆರಿತು.

ಅಕ್ಟೋಬರ್ 28

ಮಧ್ಯಾಹ್ನ ಒಂದು. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಮಲಗಿದವನು ಇವತ್ತು ಬೆಳಿಗ್ಗೆ ಎಂಟಕ್ಕೆ ಎದ್ದೆ. ಅತ್ತಿಗೆ ಎರಡು ಸಲ ಬಂದು ಉಸಿರಾಡುತ್ತಿದ್ದೇನೆಯೇ ಎಂದು ನೋಡಿ ಹೋದರಂತೆ.

ನಿನ್ನೆ ಬರೆಯದೆ ಬಿಟ್ಟದ್ದು: ಮೇಸ್ತ್ರಿ ಬುಟ್ಟಿಯ ಮೇಲೆ ಹಲಗೆ ಇಟ್ಟು ನೋಡಿದರು. ಹಲಗೆ ಕೂರಲಿಲ್ಲ, ಮೀನು ಮೇಲೆದ್ದಿತ್ತು. ಎಲ್ಲವೂ ಕೆಂಬೇರಿಯೇ ಎಂದು ಒಂದೊಂದನ್ನೂ ಎತ್ತಿ ನೋಡಿದರು. ಆಮೇಲೆ ಟೋಪಿ ತೆಗೆದು, "ಅವನ ಬಂಡೆ" ಎಂದರು. ಜಾಗ ನಮ್ಮದೇ. ಹೋಟೆಲಿನವನಿಗೆ ಸೈರನ್ ಒಂದು ಮೀನು ಕೊಟ್ಟು, "ಇದನ್ನ ಕುಂಡದಲ್ಲಿ ನೆಡು" ಎಂದನಂತೆ.

ದೀಪದ ವಿಷಯವನ್ನು ಅತ್ತಿಗೆಗೆ ಇವತ್ತು ತಿಂಡಿಯ ಹೊತ್ತಿಗೆ ಹೇಳಿದೆ. ಹೇಗೆ ಹೇಳುವುದು ಎಂದು ನಿನ್ನೆಯಿಂದ ಯೋಚಿಸಿದ್ದೆ. ಅವರು ಬ್ರೆಡ್ಡಿನ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಪೂರ್ತಿ ಕೇಳಿದರು. ಕಣ್ಣು ತುಂಬಿ ಬಂತು. ಅಳುತ್ತಾರೆ ಎಂದುಕೊಂಡೆ.

"ಮೂವತ್ತು ವರ್ಷ!" ಎಂದರು. "ಕಟ್ಟಿಕೊಂಡೋಳು ನಾನು, ಬೇಯಿಸಿ ಹಾಕಿದೋಳು ನಾನು, ಗುರುತಿಗೆ ಮಾತ್ರ ನಿನ್ನ ದೀಪ! ಕೆಳಗಡೆ ನಂಗೊಂದು ಹಳದಿ ಬಲ್ಬು ತಂದುಹಾಕಿದ್ರೆ ಇವರ ಗಂಟೇನು ಹೋಗ್ತಿತ್ತು?"

"ಕೆಳಗಿನ ಕಿಟಕಿಗೆ ಅಂಗಳದ ಗೋಡೆ ಅಡ್ಡ ಬರುತ್ತೆ ಅತ್ತಿಗೆ."

"ಅದಕ್ಕೂ ಉತ್ತರ ಇಟ್ಕೊಂಡಿದೀಯ! ಅಣ್ಣನ ತಮ್ಮ!" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಆಮೇಲೆ ನಿಜವಾಗಿ ಅತ್ತರು. ಆಮೇಲೆ ಇನ್ನೊಂದು ತುಂಡು ಬ್ರೆಡ್ಡು ತಿಂದರು.

ನನಗೆ ಒಂದು ಸಂಗತಿ ತಲೆ ಕೊರೆಯುತ್ತಿತ್ತು. ಮುಂದಿನ ಸಲ ಹೋದಾಗ ದೀಪದ ಹತ್ತಿರ ಕೂರುವವರು ಯಾರು? ನಾನು ಕೂತರೆ ದೋಣಿಯಲ್ಲಿ ನೋಡುವ ಕಣ್ಣಿಲ್ಲ. ಅತ್ತಿಗೆ ಕೂತರೆ ಅವರಿಗೆ ಬೇಸರ. ಇದನ್ನು ಹೇಳಿದೆ.

ಅತ್ತಿಗೆ ತಟ್ಟೆ ಕೆಳಗಿಟ್ಟರು.

"ಚಿಕ್ಕ, ದೀಪ ಉರಿಯೋಕೆ ಪಕ್ಕದಲ್ಲಿ ಮನುಷ್ಯ ಕೂರಬೇಕಾ?"

"ಮತ್ತೆ?"

"ಸ್ವಿಚ್ಚು ಹಾಕಿ ಬಾರೋ, ಸಾಕು!"

ಇದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷವೂ ಹೊಳೆದಿರಲಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯಬಹುದು ಎಂದು.

ಅಕ್ಟೋಬರ್ 30

ರಾತ್ರಿ ಒಂಬತ್ತೂವರೆ. ಮಹಡಿಯ ಮೇಜಿನಲ್ಲಿ ಬರೆಯುತ್ತಿದ್ದೇನೆ, ಅಡುಗೆಮನೆಯ ದೀಪಕ್ಕಿಂತ ಇಲ್ಲಿ ಬೆಳಕು ಚೆನ್ನಾಗಿದೆ. ಗಾಳಿ ಬೀಸುತ್ತಿದೆ. ಇವತ್ತು ಮೂರು ಯಂತ್ರ ಬಂದವು. ಅತ್ತಿಗೆ ಅಣ್ಣನ ಎಣ್ಣೆಬಟ್ಟೆಯ ಕೋಟಿನ ತೋಳುಗಳನ್ನು ಕತ್ತರಿಸಿ ತಮ್ಮ ಅಳತೆಗೆ ಹೊಲಿದುಕೊಂಡರು. ಕತ್ತರಿಸಿದ ತುಂಡುಗಳಲ್ಲಿ ನನ್ನ ಅಂಗೈಗೆ ಎರಡು ಪಟ್ಟಿ ಮಾಡಿದರು, ದಾರ ಕುಯ್ಯದ ಹಾಗೆ. ಸೈರನ್ ತನಗೂ ಬೇಕು ಎಂದ. "ನಿಮ್ಮ ಮೂಗಿಗೆ ಹೊಲಿದುಕೊಡ್ತೀನಿ, ಮೀನು ಎಚ್ಚರ ಆಗಬಾರದು" ಎಂದರು.

ಔಷಧಿ ಅಂಗಡಿಯವನಿಗೆ ಈ ಪುಸ್ತಕ ತೋರಿಸಬೇಕಿತ್ತು. ತಿರುವಿ ನೋಡಿದರೆ ಹತ್ತೊಂಬತ್ತನೇ ತಾರೀಖಿನ ಮೇಲೆ ನಿದ್ದೆಯನ್ನು ಸರಿಯಾಗಿ ಬರೆದೇ ಇಲ್ಲ. ಅವನು ಬೈಯುತ್ತಾನೆ. ಅವನಿಗೂ ಒಂದು ಮೀನು ಕೊಟ್ಟರೆ ಸುಮ್ಮನಾಗಬಹುದು.

ಸೋಮವಾರ ಗಾಳಿ ಇಳಿಯುತ್ತದಂತೆ. ಮೂವರೂ ಹೋಗುತ್ತೇವೆ. ಅಣ್ಣನ ಪೆಟ್ಟಿಗೆಯನ್ನು ತೆಗೆದು ನೋಡಿದೆ, ಅದರಲ್ಲಿ ಉಳಿದಿರುವುದು ಒಂದೇ ಬಲ್ಬು. ಪೆಟ್ಟಿಗೆಯ ತಳದಲ್ಲಿ ಅಂಗಡಿಯ ಚೀಟಿ ಇತ್ತು. ಹಳೆ ಬಸ್ ನಿಲ್ದಾಣದ ಹಿಂದೆ, ಬೀಗದ ಕೈ ಮಾಡುವವನ ಪಕ್ಕ. ನಾಳೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತಾರೆ.